ಅಟ್ಟದ ಜಂತಿಗಳೂ ಗೋವಿನಜೋಳದ ಭಾರವೂ

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳ ರೈತರ ಮನೆಗಳಲ್ಲಿ ಅಟ್ಟವೇ ಬಹುಕಾಲದಿಂದ ಉಗ್ರಾಣವಾಗಿದೆ. ನೆಲದ ತಂಪಿನಿಂದ ಮಾಲನ್ನು ಕಾಪಾಡುವುದಕ್ಕೆ ಅದಕ್ಕಿಂತ ಅಗ್ಗದ ಏರ್ಪಾಡು ಬೇರೊಂದಿಲ್ಲ. ಆದರೆ ಹಳೆಯ ಅಟ್ಟಗಳಲ್ಲಿ ಅನೇಕವು ಮೆಣಸಿನಕಾಯಿ, ಹತ್ತಿ ಮೊದಲಾದ ಹಗುರ ಮಾಲಿಗೆಂದು ಹಾಕಿದವು. ಕಳೆದ ಕೆಲವು ದಶಕಗಳಲ್ಲಿ ಈ ಸೀಮೆಯಲ್ಲೆಲ್ಲ ಗೋವಿನಜೋಳದ ಬೆಳೆ ಹಬ್ಬಿತು. ಮೆಣಸಿನಕಾಯಿಯಾದರೋ ಬ್ಯಾಡಗಿಯ ಶೀತಲಗೃಹಗಳನ್ನು ಸೇರತೊಡಗಿತು. ಬರಿದಾದ ಅಟ್ಟವನ್ನು ಗೋವಿನಜೋಳದ ಚೀಲಗಳು ಹಿಡಿದವು; ಜಂತಿಗಳು ಮಾತ್ರ ಹಳೆಯವೇ ಉಳಿದವು. ಅಟ್ಟದ ಕೆಳಗೆ ಮನೆಮಂದಿ ಮಲಗುವರಾದುದರಿಂದ ಇದು ಕೇವಲ ಬಡಿಗನಿಗೆ ಬಿಟ್ಟುಬಿಡತಕ್ಕ ವಿಷಯವಲ್ಲ.

ಮೊದಲು ಭಾರವನ್ನು ತಿಳಿಯತಕ್ಕದ್ದು. ಒಣಗಿದ ಗೋವಿನಜೋಳವು ಒಂದು ಘನ ಅಡಿಗೆ ಸುಮಾರು 20 ಕಿಲೋ ತೂಗುವುದು. ಎಂದರೆ ಅಟ್ಟದ ಮೇಲೆ ಒಂದಡಿ ಎತ್ತರ ಕಾಳು ಹರಡಿದರೆ ಪ್ರತಿ ಚದರಡಿಯ ಮೇಲೆ 20 ಕಿಲೋ ಬಿತ್ತು. ವಾಸದ ಮನೆಯ ಮೇಲಂತಸ್ತಿಗೆ ಜನ ಮತ್ತು ಸಾಮಾನುಗಳಿಗೆಂದು ಇಂಜಿನಿಯರರು ಹಿಡಿಯುವ ಭಾರವೂ ಹೆಚ್ಚುಕಡಿಮೆ ಇಷ್ಟೇ. ಮೆಣಸಿನಕಾಯಿಯ ಸಂಗತಿ ಬೇರೆ. ಎಣ್ಣೆಯ ತಗಡಿನ ಡಬ್ಬವೊಂದರಲ್ಲಿ ಸುಮಾರು 12 ಕಿಲೋ ಗೋವಿನಜೋಳ ಹಿಡಿದರೆ, ಅದೇ ಡಬ್ಬದಲ್ಲಿ ಒತ್ತದೆ ತುಂಬಿದ ಒಣ ಬ್ಯಾಡಗಿ ಕಾಯಿ ಅದರ ಕಾಲು ಭಾಗವೂ ತೂಗದು. ಅಟ್ಟ ತುಂಬಿದ ಮೆಣಸಿನಕಾಯಿಯನ್ನು ವರುಷಗಟ್ಟಲೆ ಹೊತ್ತ ಜಂತಿ ಅಷ್ಟೇ ಎತ್ತರದ ಗೋವಿನಜೋಳವನ್ನೂ ಹೊರುವುದೆಂದು ನಂಬುವುದು ಅಪಾಯ. ಬಡಿಗರು ಎಷ್ಟು ಅಂಕಣವೆಂದು ತಪ್ಪದೆ ಕೇಳುವರು. ಏನನ್ನು ಪೇರಿಸುವಿರೆಂದು ಕೇಳುವವರು ವಿರಳ.

ಎಂಟಡಿಗೆ ಹತ್ತಡಿಯ ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜಂತಿಗಳನ್ನು ಯಾವಾಗಲೂ ಕಿರಿದಾದ ಕಡೆಗೆ, ಅಂದರೆ ಎಂಟಡಿಯ ಕಡೆಗೆ ಹಾಯಿಸತಕ್ಕದ್ದು. ಇದರಲ್ಲಿ ಎರಡಡಿ ಎತ್ತರ ಗೋವಿನಜೋಳವಿಟ್ಟರೆ 32 ಕ್ವಿಂಟಲ್ ಆಗುವುದು. ಇದಕ್ಕೆ 3 ಅಂಗುಲ ಅಗಲ, 5 ಅಂಗುಲ ಎತ್ತರದ ಒಳ್ಳೆಯ ತೇಗದ ಜಂತಿಗಳನ್ನು ನಡುವಿನಿಂದ ನಡುವಿಗೆ ಒಂದು ಮೊಳ, ಅಂದರೆ 18 ಅಂಗುಲ, ಅಂತರದಲ್ಲಿ ಇಟ್ಟರೆ ಸಾಕು. ಗೋಡೆಗೆ ಹೊಂದಿದವೆರಡೂ ಸೇರಿ ಎಂಟು ಜಂತಿಗಳು, ಸುಮಾರು 7 ಘನ ಅಡಿ ಮರ. ಮೂರಡಿ ಎತ್ತರ ಪೇರಿಸಬೇಕಾದರೆ ಭಾರವು 48 ಕ್ವಿಂಟಲ್‌ಗೆ ಏರುವುದು. ಆಗ ಅದೇ ಅಳತೆಯ ಜಂತಿಗಳನ್ನು ಒಂದಡಿಗೊಂದರಂತೆ ಇಡಬೇಕು. ಹನ್ನೊಂದು ಜಂತಿ, ಹತ್ತು ಘನ ಅಡಿ ಮರ ಬೇಕಾಗುವುದು. ಇದಕ್ಕಿಂತ ಅಗ್ಗದ ದಾರಿಯೊಂದುಂಟು. ಜಂತಿಯ ಎತ್ತರವನ್ನು 6 ಅಂಗುಲ ಮಾಡಿ, ಅಂತರವನ್ನು ಒಂದು ಮೊಳವೇ ಉಳಿಸಿಕೊಂಡರೆ ಎಂಟು ಜಂತಿಗಳೇ ಆ ಭಾರವನ್ನು ತಾಳುವವು; ಮರವೂ ಒಂಬತ್ತು ಘನ ಅಡಿಯೊಳಗೆ ಮುಗಿಯುವುದು. ಮರದ ಬಲ ಅಗಲದಲ್ಲಿಲ್ಲ, ಎತ್ತರದಲ್ಲಿದೆ. ಮೂರೈದರ ಜಂತಿಯನ್ನು ನಿಲ್ಲಿಸದೆ ಮಲಗಿಸಿದರೆ ಅದು ಹೊರುವ ಭಾರ ಐದರಲ್ಲಿ ಮೂರು ಪಾಲಿಗೆ ಇಳಿಯುವುದು, ಬಾಗುವಿಕೆ ಎರಡೂವರೆ ಪಟ್ಟನ್ನೂ ಮೀರುವುದು. ಹೀಗಿದ್ದೂ ಹಲಗೆ ಬಡಿಯಲು ಸುಲಭವೆಂದು ಮಲಗಿಸುವ ವಾಡಿಕೆ ಕೆಲವೆಡೆ ಇದೆ.

ಹಾಯುವ ಉದ್ದ ಹತ್ತಡಿಯಾದರೆ ಎರಡಡಿ ಕಾಳಿಗೇ 3 ಅಂಗುಲಕ್ಕೆ 6 ಅಂಗುಲದ ಜಂತಿ ಬೇಕು. ಹಲಗೆಯ ಮೇಲೆ ನಾಲ್ಕು ಅಂಗುಲ ಮಣ್ಣು ಮೆತ್ತಿದ್ದರೆ ಚದರಡಿಗೆ ಸುಮಾರು 15 ಕಿಲೋ ಆಗಲೇ ಕುಳಿತಿದೆ. ಅಷ್ಟು ಕಾಳನ್ನು ಕಡಿಮೆ ಇಡತಕ್ಕದ್ದು.

ಕೊಯ್ದ ಮರ ದುಬಾರಿಯೆನಿಸಿದರೆ ದುಂಡು ಮರ ಆದೀತು. ಸಣ್ಣ ತುದಿಯಲ್ಲಿ 5 ಅಂಗುಲ ಅಡ್ಡಳತೆಯಿರುವ ನೆಟ್ಟನೆಯ ದುಂಡುಮರವು ಅದೇ ಜಾತಿಯ ಮೂರೈದರ ಜಂತಿಗೆ ಬಲದಲ್ಲಿ ಸಮಾನ. ತೇಗದ ಕೆಚ್ಚನ್ನು ಗೆದ್ದಲು ಬೇಗ ಮುಟ್ಟದು. ಹೊರಗಿನ ಬಿಳಿಯ ಭಾಗಕ್ಕೆ ಆ ಗುಣವಿಲ್ಲ. ಮತ್ತಿ, ಹೊನ್ನೆ, ನಂದಿ ಇವೂ ಯೋಗ್ಯ ಮರಗಳೇ. ಜಾಲಿ ಗಟ್ಟಿಯಾದರೂ ಎಂಟಡಿ ನೆಟ್ಟಗೆ ದೊರೆಯುವುದು ಅಪರೂಪ. ನೀಲಗಿರಿಯನ್ನು ಹಸಿಯಾಗಿಯೇ ಹಾಕಕೂಡದು. ಒಣಗುವಾಗ ತಿರುಚಿ ಸೀಳುವುದು. ಜಂತಿಯ ನಡುಭಾಗದ ಕೆಳಮೈಯಲ್ಲಿ ಗಂಟಿದ್ದರೆ ಆ ಮರವನ್ನು ಬಾಗಿಲ ಪಟ್ಟಿಗೋ ಮತ್ತಾವುದಕ್ಕೋ ಉಪಯೋಗಿಸಬಹುದು, ಅಟ್ಟಕ್ಕೆ ಬೇಡ. ಹೊಲದ ತೇಗವನ್ನು ಕಡಿಯುವ ಮುನ್ನ ಅರಣ್ಯ ಇಲಾಖೆಯ ಅಪ್ಪಣೆ ಪಡೆಯತಕ್ಕದ್ದು.

ಜಂತಿ ಕೊಳೆಯುವುದು ಹೆಚ್ಚಾಗಿ ತುದಿಯಲ್ಲಿ. ಮಣ್ಣಿನ ಗೋಡೆ ನೀರು ಕುಡಿದರೆ ಅದರೊಳಗಿನ ಮರದ ತುದಿಯೂ ಕುಡಿಯುವುದು. 2019ರ ಆಗಸ್ಟ್ ತಿಂಗಳ ಮಳೆ ಮತ್ತು ನೆರೆಯಲ್ಲಿ ಈ ಜಿಲ್ಲೆಯ ಎಷ್ಟೋ ಮಣ್ಣಿನ ಗೋಡೆಗಳು ಕುಸಿದುದು ಓದುಗರಿಗೆ ನೆನಪಿರಬಹುದು. ನಿಂತ ಗೋಡೆಗಳೊಳಗಿನ ತುದಿಗಳನ್ನೂ ಅನುಮಾನದಿಂದಲೇ ನೋಡಬೇಕು. ಚೂಪಾದ ಮೊಳೆಯಿಂದ ಚುಚ್ಚಿದಾಗ ಸಲೀಸಾಗಿ ಇಳಿದರೆ ಆ ತುದಿ ಹೋಯಿತೆಂದೇ ತಿಳಿಯತಕ್ಕದ್ದು. ಹೊಸ ಜಂತಿಯ ತುದಿಗೆ ಡಾಂಬರು ಬಳಿದು, ಗೋಡೆಯೊಳಗೆ ಹಾಸುಗಲ್ಲಿನ ಮೇಲೆ ಕನಿಷ್ಠ 4 ಅಂಗುಲ ಕೂರಿಸಿ, ಸುತ್ತಲೂ ಗಾಳಿಯಾಡಲು ತುಸು ಎಡೆ ಬಿಡಬೇಕು.

ಈಗಾಗಲೇ ಕಾಳು ತುಂಬಿರುವ ಅಟ್ಟವನ್ನು ಪರೀಕ್ಷಿಸಲು ಒಂದು ದಾರ ಸಾಕು. ಜಂತಿಯ ಕೆಳಮೈಯ ಎರಡು ತುದಿಗಳ ಮೇಲೆ ಒಂದೇ ದಪ್ಪದ ಚಕ್ಕೆಗಳನ್ನಿಟ್ಟು ದಾರವನ್ನು ಬಿಗಿಯಾಗಿ ಎಳೆದು, ನಡುವೆ ಜಂತಿ ಎಷ್ಟು ಇಳಿದಿದೆಯೆಂದು ಅಳೆಯತಕ್ಕದ್ದು. ಎಂಟಡಿಯ ಜಂತಿ ಅರ್ಧ ಅಂಗುಲಕ್ಕಿಂತ ಹೆಚ್ಚು ಬಾಗಿದ್ದರೆ ಅಂದೇ ಚೀಲಗಳನ್ನು ಇಳಿಸಬೇಕು. ಬಳಿಕ ಅಂಕಣದ ನಡುವೆ ಅಡ್ಡಲಾಗಿ ತೊಲೆಯೊಂದನ್ನು ಕೊಟ್ಟು ಕಂಬ ನಿಲ್ಲಿಸಿದರೆ ಜಂತಿ ಹಾಯುವ ಉದ್ದ ಅರ್ಧವಾಗಿ, ಅದು ಅಡಿಯೊಂದಕ್ಕೆ ತಾಳುವ ಭಾರ ನಾಲ್ಕು ಪಟ್ಟಾಗುವುದು. ಆದರೆ ಅಟ್ಟದ ಅರ್ಧಕ್ಕಿಂತ ಹೆಚ್ಚು ಭಾರ ಆಗ ಆ ನಡುದೊಲೆಯ ಮೇಲೆಯೇ ಬೀಳುವುದು. ಎರೆಭೂಮಿಯ ಊರುಗಳಲ್ಲಿ ನೆಲವು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಕಂಬವನ್ನು ಬರಿನೆಲದ ಮೇಲೆ ನಿಲ್ಲಿಸಕೂಡದು. ಗಟ್ಟಿ ಪದರು ಸಿಗುವವರೆಗೆ ಅಗೆದು, ಅಗಲವಾದ ಕಲ್ಲನ್ನು ಕೂರಿಸಿ ಅದರ ಮೇಲೆ ನಿಲ್ಲಿಸತಕ್ಕದ್ದು.