ಕಾರ್ಟೂನಿನ ಭೀಮ, ಆಟದ ಭೀಮ

ಮಕ್ಕಳ ಕಾರ್ಟೂನು ನಾಡಿನ ಸಂಸ್ಕೃತಿಯನ್ನು ಬಿಂಬಿಸುತ್ತದೆಯೇ? ಹೌದೆಂದೇ ನಮ್ಮ ಎಣಿಕೆ. ಜಪಾನಿನ ನೊಬಿತಾ ಪಾದರಕ್ಷೆ ಕಳಚಿಯೇ ಮನೆಯೊಳಗೆ ಕಾಲಿಡುತ್ತಾನೆ. ಅವನ ಗೆಳೆಯ ಡೊರೇಮಾನ್‌ನಿಗೆ ಕಾಳಿನ ಹೂರಣವಿಟ್ಟ ದೊರಾಯಾಕಿ ಎಂದರೆ ಪ್ರಾಣ. ನಮ್ಮ ಹೋಳಿಗೆಗೆ ಅದು ದೂರದ ನಂಟೇ ಸರಿ! ಹೈದರಾಬಾದಿನಲ್ಲಿ ಸಿದ್ಧವಾಗಿ 2008ರಲ್ಲಿ ತೆರೆಗೆ ಬಂದ ಛೋಟಾ ಭೀಮ್‌ಗೆ ಲಾಡು ತಿಂದರೆ ಬಲ. 2009ರಲ್ಲಿ ಚಿಂಟು ಟಿವಿ ಆರಂಭವಾದಾಗ ಕಾರ್ಟೂನುಗಳು ಕನ್ನಡ ನುಡಿದವು; ಕಥೆಯ ನೆಲ ಮಾತ್ರ ಬಹುಮಟ್ಟಿಗೆ ಹೊರಗಿನದಾಗಿಯೇ ಉಳಿಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಕ್ಕಳಿಗೆ ಇನ್ನೊಬ್ಬ ಭೀಮನೂ ಇದ್ದಾನೆ. ‘ಕೀಚಕವಧೆ’ಯ ಯಕ್ಷಗಾನದಲ್ಲಿ ಅವನು ರಂಗಕ್ಕೆ ನುಗ್ಗುವುದು ಲಾಡು ತಿಂದಲ್ಲ, ದ್ರೌಪದಿಗಾದ ಅಪಮಾನವನ್ನು ಕೇಳಿ. ತಾಯಂದಿರೇ, ಚೆಂಡೆಯ ಸದ್ದಿನ ನಡುವೆಯೂ ಅಲ್ಲಿ ಮಗು, ‘ಭೀಮನಿಗೆ ಯಾಕೆ ಇಷ್ಟು ಸಿಟ್ಟು?’ ಎಂದು ಪಕ್ಕದ ಅಜ್ಜನನ್ನು ಕೇಳುತ್ತದೆ. ಟಿವಿಯ ಮುಂದೆ ಅದರ ಪಕ್ಕದಲ್ಲಿ ಯಾರಿದ್ದಾರೆ?