ನಿವೃತ್ತಿಯ ನಂತರ ತರಾವಾ

ದಕ್ಷಿಣ ತರಾವಾದಲ್ಲಿ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಇರುವುದು ಒಂದೇ ಮುಖ್ಯ ರಸ್ತೆ. ಪೂರ್ವದ ತುದಿಯಲ್ಲಿ ಬೊನ್ರಿಕಿ ವಿಮಾನ ನಿಲ್ದಾಣ, ಪಶ್ಚಿಮದ ತುದಿಯಲ್ಲಿ ಬೇಸೊ ಬಂದರು. ನಡುವೆ ಬಿಕೆನಿಬೇವು, ಎಯಿಟಾ, ಬೈರಿಕಿ ಎಂಬ ಊರುಗಳು ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ಒತ್ತೊತ್ತಾಗಿವೆ. ರಸ್ತೆಯ ಒಂದು ಮಗ್ಗುಲಿಗೆ ಹವಳದ ದಿಬ್ಬಗಳು ಸುತ್ತುಗಟ್ಟಿದ ತಿಳಿಹಸಿರು ನೀರು, ಇನ್ನೊಂದು ಮಗ್ಗುಲಿಗೆ ಪೆಸಿಫಿಕ್ ಸಾಗರ. ಎಷ್ಟೋ ಕಡೆ ಇವೆರಡರ ನಡುವಿನ ನೆಲ ಅರ್ಧ ಕಿಲೋಮೀಟರ್ ಅಗಲವೂ ಇಲ್ಲ. ಎತ್ತರವಂತೂ ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಅಷ್ಟೆ. ಲಕ್ಷದ್ವೀಪದ ಹಾಗೆ ಇದೂ ಹವಳ ಕಟ್ಟಿದ ನೆಲ. ಬೆಟ್ಟವಿಲ್ಲ, ಹೊಳೆಯಿಲ್ಲ.

ಇದು ಕಿರಿಬಾಸ್ ದೇಶದ ರಾಜಧಾನಿ. ಗಿಲ್ಬರ್ಟ್ ದ್ವೀಪಗಳೆಂಬ ಹೆಸರಿನಲ್ಲಿ ಬ್ರಿಟಿಷರ ಕೈಯಲ್ಲಿದ್ದ ನಾಡು 1979ರ ಜುಲೈ 12ರಂದು ಸ್ವತಂತ್ರವಾಯಿತು. ಒಟ್ಟು 33 ದ್ವೀಪಗಳು. ಎಲ್ಲವನ್ನೂ ಕೂಡಿಸಿದರೆ 811 ಚದರ ಕಿಲೋಮೀಟರ್ ನೆಲ. ಅದು ಹರಡಿಕೊಂಡಿರುವ ಕಡಲಿನ ವಿಸ್ತಾರ ಮಾತ್ರ ಸುಮಾರು 35 ಲಕ್ಷ ಚದರ ಕಿಲೋಮೀಟರ್. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 1.2 ಲಕ್ಷದ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಒಂದು ರಸ್ತೆಯ ಇಕ್ಕೆಲದಲ್ಲೇ ಬದುಕುತ್ತಾರೆ.

ಈ ರಸ್ತೆಯಲ್ಲಿ ಆಗಾಗ ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡ ಅಮೆರಿಕನ್ ಅಜ್ಜ ಅಜ್ಜಿಯ ಜೋಡಿಯೊಂದು ಕಣ್ಣಿಗೆ ಬೀಳುತ್ತದೆ. ಇವರು ಮಾರ್ಮನ್ ಪಂಥದ ಹಿರಿಯ ಮಿಷನರಿ ದಂಪತಿ. ಅಮೆರಿಕದ ಯೂಟಾ ರಾಜ್ಯದಲ್ಲಿ ಬೇರುಬಿಟ್ಟ ಆ ಚರ್ಚು ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರನ್ನು ಜಗತ್ತಿನಾದ್ಯಂತ ಮತಪ್ರಚಾರಕ್ಕೆ ಕಳುಹಿಸುವುದು ಎಲ್ಲರಿಗೂ ಗೊತ್ತು. ಮಕ್ಕಳ ಮದುವೆ ಮುಗಿಸಿ, ನೌಕರಿಯಿಂದ ನಿವೃತ್ತರಾದ ಗಂಡ ಹೆಂಡತಿಯೂ ಹೀಗೆ ಹೊರಡುತ್ತಾರೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆರು ತಿಂಗಳಿಂದ 23 ತಿಂಗಳವರೆಗೆ ಇರಬಹುದು. ಸಂಬಳವಿಲ್ಲ, ಖರ್ಚು ಸ್ವಂತದ್ದು. ಇವರು ಮನೆ ಮನೆಯ ಬಾಗಿಲು ತಟ್ಟುವುದು ಕಡಿಮೆ. ಕಚೇರಿ ಲೆಕ್ಕ, ಶಾಲೆಯ ಶಿಕ್ಷಕರಿಗೆ ತರಬೇತಿ, ಕಿರಿಯ ಮಿಷನರಿಗಳ ಬಾಡಿಗೆ ಮನೆಗಳ ಉಸ್ತುವಾರಿ, ಜ್ವರ ಬಂದವರ ಆರೈಕೆ, ಕೆಟ್ಟ ಪಂಪು, ಸೋರುವ ನಲ್ಲಿ, ಪಂಕ್ಚರ್ ಆದ ಸೈಕಲ್ಲು ಇವರ ಪಾಲಿನ ಕೆಲಸ. ಉಪದೇಶಕ್ಕಿಂತ ಸಂಸಾರವೇ ಹೆಚ್ಚು. ನನ್ನ ಮಟ್ಟಿಗೆ ಈ ಮಿಷನ್ನಿನ ಸ್ವಾರಸ್ಯ ಇರುವುದು ಅಲ್ಲೇ.

ಬೆಳಗಾಗುವುದು ನೀರಿನ ಚಿಂತೆಯಿಂದ. ಹವಳದ ಮರಳಿನೊಳಗೆ ಇಳಿದ ಮಳೆನೀರು ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ದ್ವೀಪದ ಸಿಹಿನೀರೆಂದರೆ ಇಷ್ಟೇ. ಹೆಚ್ಚು ಎಳೆದರೆ ಉಪ್ಪು ಮೇಲೇರುತ್ತದೆ. ಮನೆಯ ಪಕ್ಕದ ಬಾವಿಗೆ ಪಾಯಿಖಾನೆಯೂ ಹಂದಿಗೂಡೂ ನೆರೆಹೊರೆ. ಬೊನ್ರಿಕಿಯ ಮೀಸಲು ನೆಲದಿಂದ ಕೊಳವೆಯಲ್ಲಿ ಬರುವ ನೀರು ಬಹುಕಾಲ ಎರಡು ದಿನಕ್ಕೊಮ್ಮೆ ಒಂದೆರಡು ಗಂಟೆ ಬರುವ ಲೆಕ್ಕವೇ ಆಗಿತ್ತು. ಹಾಗಾಗಿ ತಗಡಿನ ಸೂರು, ಅದಕ್ಕೆ ದೋಣಿ, ಕೆಳಗೊಂದು ಟ್ಯಾಂಕು ಇದ್ದವರೇ ಪುಣ್ಯವಂತರು. ಮಳೆ ಶುರುವಾದರೆ ಮೊದಲ ನೀರನ್ನು ಹೊರಗೆ ಬಿಡಬೇಕು. ಅದರಲ್ಲಿ ಹಕ್ಕಿಯ ಹಿಕ್ಕೆ, ಕಸ. ಆಮೇಲೆ ಕೊಳವೆಯನ್ನು ಟ್ಯಾಂಕಿಗೆ ತಿರುಗಿಸಬೇಕು. ಟ್ಯಾಂಕಿನ ಹೊಟ್ಟೆಯನ್ನು ಬೆರಳಗೆಣ್ಣಿನಿಂದ ಮೇಲಿಂದ ಕೆಳಕ್ಕೆ ಕುಟ್ಟುತ್ತ ಬಂದರೆ ಒಂದು ಕಡೆ ಸದ್ದು ಬದಲಾಗುತ್ತದೆ. ನೀರು ಇರುವುದು ಅಲ್ಲಿಯವರೆಗೆ. ಲಾ ನೀನಾ ವರ್ಷಗಳಲ್ಲಿ ಆ ಗೆರೆ ಕೆಳಕ್ಕೆ ಕೆಳಕ್ಕೆ ಜಾರುತ್ತದೆ. 2022ರಲ್ಲಿ ಬರದಿಂದಾಗಿ ಸರ್ಕಾರ ತುರ್ತುಸ್ಥಿತಿ ಘೋಷಿಸಬೇಕಾಯಿತು. ಇಷ್ಟಾದರೂ ಕುಡಿಯುವ ನೀರನ್ನು ಸೋಸಬೇಕು, ಕುದಿಸಬೇಕು. ಕುದಿಸಿದ ನೀರಿಗೆ ಹಾಕಲು ಕಾಫಿ ಪುಡಿಯಿಲ್ಲ, ಚಹಾ ಸೊಪ್ಪೂ ಇಲ್ಲ. ಮಾರ್ಮನ್ನರಿಗೆ ಎರಡೂ ನಿಷಿದ್ಧ. ಇದೊಂದೇ ಕಾರಣಕ್ಕೆ ನಮ್ಮಲ್ಲಿ ಅನೇಕರು ಆ ಪಂಥದ ಕಡೆ ತಲೆ ಹಾಕಿಯೂ ಮಲಗಲಿಕ್ಕಿಲ್ಲ.

ಅಷ್ಟು ಹೊತ್ತಿಗೆ ತೆಂಗಿನ ಮರದ ತುದಿಯಿಂದ ಹಾಡು ಕೇಳಿಸುತ್ತದೆ. ಬೆಳಿಗ್ಗೆ ಮತ್ತು ಸಂಜೆ ಗಂಡಸರು ಮರವೇರಿ, ಬಿಗಿದು ಕಟ್ಟಿದ ಹೊಂಬಾಳೆಯ ತುದಿಯನ್ನು ತೆಳ್ಳಗೆ ಹೆರೆದು, ತುಂಬಿದ ಬಾಟಲಿ ಇಳಿಸಿ ಖಾಲಿ ಬಾಟಲಿ ಕಟ್ಟುತ್ತಾರೆ. ಕೈ ಕೆಲಸದಲ್ಲಿರುವಾಗ ಬಾಯಿ ಹಾಡುತ್ತಿರಬೇಕೆಂಬುದು ಅಲ್ಲಿನ ರೂಢಿ. ಇಳಿಸಿದ್ದು ನೀರಾ, ಅಲ್ಲಿನವರ ಮಾತಿನಲ್ಲಿ ಕರೆವೆ. ಮಕ್ಕಳಿಗೂ ಕುಡಿಸುತ್ತಾರೆ. ಕುದಿಸಿ ಬತ್ತಿಸಿದರೆ ಕಮಾಯ್‌ಮಾಯ್, ಥೇಟ್ ಜೋನಿ ಬೆಲ್ಲ. ಹಾಗೇ ಬಿಟ್ಟರೆ ಹುಳಿದು ಹೆಂಡ. ಬೆಳಿಗ್ಗೆ ನೆರೆಯವರು ತಂದುಕೊಟ್ಟ ಬಾಟಲಿಯನ್ನು ಮಿಷನರಿ ದಂಪತಿ ಸಂತೋಷದಿಂದ ಕುಡಿಯಬಹುದು. ಅದೇ ಬಾಟಲಿ ಮಾರನೆಯ ದಿನಕ್ಕೆ ಪಾಪ.

ಚರ್ಚಿನ ಶಾಲೆ ಇರುವುದು ಎಯಿಟಾದಲ್ಲಿ. ಹೆಸರು ಮೊರೋನೈ ಹೈಸ್ಕೂಲ್. ಮಾರ್ಮನ್ನರು ಈ ದ್ವೀಪಕ್ಕೆ ಬಂದದ್ದು ಶಾಲೆಯ ದಾರಿಯಿಂದಲೇ. 1970ರ ದಶಕದ ಆರಂಭದಲ್ಲಿ ತರಾವಾದ ಸಣ್ಣ ಖಾಸಗಿ ಶಾಲೆಯೊಂದರ ಮುಖ್ಯಸ್ಥರು ತಮ್ಮ ವಿದ್ಯಾರ್ಥಿಗಳ ಮುಂದಿನ ಓದಿಗೆ ಜಾಗ ಹುಡುಕಿ ಹೊರದೇಶಗಳಿಗೆ ಪತ್ರ ಬರೆದರು. ಟೊಂಗಾದ ಲಿಯಹೋನಾ ಹೈಸ್ಕೂಲು, ಅಂದರೆ ಮಾರ್ಮನ್ನರ ಶಾಲೆ, ಕೆಲವರನ್ನು ಸೇರಿಸಿಕೊಂಡಿತು. ಹೋದ ಮಕ್ಕಳು ಮತಾಂತರಗೊಂಡರು. 1975ರಲ್ಲಿ ಅವರಲ್ಲಿ ಆರು ಮಂದಿ ಮಿಷನರಿಗಳಾಗಿ ಊರಿಗೆ ಮರಳಿದರು. ಪತ್ರ ಬರೆದ ಶಾಲೆಯನ್ನೇ ಚರ್ಚು ವಹಿಸಿಕೊಂಡಿತು. ಎಂದರೆ ಇಲ್ಲಿಗೆ ಮೊದಲು ಆ ಪಂಥವನ್ನು ತಂದವರು ಬಿಳಿಯರಲ್ಲ, ಓದಲು ಹೋಗಿದ್ದ ಊರಿನ ಹುಡುಗರು. ಈಗಲೂ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕ್ಯಾಥೊಲಿಕರು. ಜನಗಣತಿಯ ಲೆಕ್ಕದಲ್ಲಿ ಮಾರ್ಮನ್ನರು ನೂರಕ್ಕೆ ಐದಾರು ಮಂದಿ.

ಗಂಡ ಹೆಂಡತಿ ಜೊತೆಯಾಗಿ ಬರುವ ಸಂಪ್ರದಾಯ ಮಾತ್ರ ಇದಕ್ಕಿಂತ ಬಹಳ ಹಳೆಯದು. ತರಾವಾಕ್ಕೆ ಉತ್ತರದಲ್ಲೇ ಇರುವ ಅಬಾಯಾಂಗ್ ದ್ವೀಪಕ್ಕೆ 1857ರಲ್ಲಿ ಹೈರಂ ಬಿಂಗಮ್ ಮತ್ತು ಕ್ಲಾರಾ ಎಂಬ ಯುವ ಪ್ರೊಟೆಸ್ಟಂಟ್ ದಂಪತಿ ಬಂದಿಳಿದರು. ಅಲ್ಲಿನವರ ಭಾಷೆಗೆ ಲಿಪಿ ಒದಗಿಸಿದವರು ಬಿಂಗಮ್. ಆರೋಗ್ಯ ಕೆಟ್ಟು ಹೊನೊಲುಲುವಿಗೆ ಮರಳಿದರೂ ಕೆಲಸ ಬಿಡಲಿಲ್ಲ. ಇಡೀ ಬೈಬಲಿನ ಅನುವಾದ ಮುಗಿದದ್ದು 1890ರಲ್ಲಿ. ಇವರ ಮಗನೇ 1911ರಲ್ಲಿ ಪೆರುವಿನ ಮಾಚು ಪಿಚುವನ್ನು ಹೊರಜಗತ್ತಿಗೆ ಪರಿಚಯಿಸಿದ ಇನ್ನೊಬ್ಬ ಹೈರಂ ಬಿಂಗಮ್.

ವಯಸ್ಸಾದವರಿಗೆ ತರಾವಾದಲ್ಲಿ ಒಂದು ಅನುಕೂಲವಿದೆ. ಊರಿನ ಮಾತುಕತೆ, ಹಬ್ಬ, ನ್ಯಾಯ ಎಲ್ಲವೂ ನಡೆಯುವುದು ಮನೇಬಾ ಎಂಬ ದೊಡ್ಡ ಸೂರಿನ ತೆರೆದ ಚಾವಡಿಯಲ್ಲಿ. ಅಲ್ಲಿ ಯಾವ ಮನೆತನ ಎಲ್ಲಿ ಕೂರಬೇಕೆಂಬುದು ಮೊದಲೇ ನಿಗದಿ, ಮಾತು ಮುದುಕರದು. ಇಪ್ಪತ್ತರ ಮಿಷನರಿ ಎಷ್ಟೇ ಚೆನ್ನಾಗಿ ಭಾಷೆ ಕಲಿತಿದ್ದರೂ ಹುಡುಗನೇ. ಭಾಷೆ ಅರೆಬರೆ ಬಂದರೂ ನರೆಗೂದಲಿನ ದಂಪತಿಗೆ ಗೌರವದ ಜಾಗ. ಆ ಜಾಗದಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರಬೇಕು, ನಡುವೆ ಕಾಲು ಚಾಚಬಾರದು. ಯೂಟಾದ ಸೋಫಾಗಳಲ್ಲಿ ಪಳಗಿದ ಮಂಡಿಗೆ ಇದು ನಿಜವಾದ ತಪಸ್ಸು. ಕುಣಿತ ಶುರುವಾದರೆ ಮೆಚ್ಚಿದವರು ಎದ್ದು ಬಂದು ಕುಣಿಯುವವರ ಕುತ್ತಿಗೆಗೆ ಟಾಲ್ಕಂ ಪೌಡರ್ ಸುರಿಯುತ್ತಾರೆ, ಸೆಂಟು ಸಿಂಪಡಿಸುತ್ತಾರೆ. ಅತಿಥಿಗೂ ಅದು ತಪ್ಪಿದ್ದಲ್ಲ.

ಅಲ್ಲಿನ ಇನ್ನೊಂದು ಪದ್ಧತಿ ಬುಬುಸಿ. ನೆಂಟರೋ ಆಪ್ತರೋ ಒಂದು ವಸ್ತು ಬೇಕೆಂದು ಕೇಳಿದರೆ ಇಲ್ಲವೆನ್ನುವುದು ಮಾನಗೇಡು. ಇದು ಬಡವರ ವಿಮೆ ಎಂದು ಹೊಗಳುವವರಿದ್ದಾರೆ, ಅಂಗಡಿ ಇಟ್ಟವನು ಉದ್ಧಾರವಾಗದಂತೆ ನೋಡಿಕೊಳ್ಳುವ ಉಪಾಯ ಎಂದು ಬೈಯುವವರೂ ಇದ್ದಾರೆ. ಆಪ್ತರಾಗಲು ಬಂದ ಮಿಷನರಿ ಈ ಲೆಕ್ಕದಿಂದ ಪೂರ್ತಿ ತಪ್ಪಿಸಿಕೊಳ್ಳಲಾರ. ಸುತ್ತಿಗೆ, ಹಗ್ಗ, ದೊಡ್ಡ ಪಾತ್ರೆ ಹೊರಗೆ ಹೋಗಿಬರುತ್ತಲೇ ಇರುತ್ತವೆ, ಕೆಲವು ಹೋಗುತ್ತವೆ ಅಷ್ಟೆ.

ಬೇಸೊ ತುದಿಯಲ್ಲಿ ಬೇರೊಂದು ಅಮೆರಿಕದ ಗುರುತುಗಳಿವೆ. ಎರಡನೆಯ ಮಹಾಯುದ್ಧದಲ್ಲಿ, 1943ರ ನವೆಂಬರ್ 20ರಿಂದ ಮೂರೂವರೆ ದಿನದೊಳಗೆ ಆ ಪುಟ್ಟ ದ್ವೀಪದ ಕಾಳಗದಲ್ಲಿ ಸಾವಿರದಷ್ಟು ಅಮೆರಿಕನ್ನರೂ, ಕೊರಿಯದ ಕೂಲಿಗಳೂ ಸೇರಿ ಜಪಾನಿನ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ಜನರೂ ಸತ್ತರು. ಎಂಟಂಗುಲದ ತೋಪುಗಳು ದಡದಲ್ಲಿ ಇನ್ನೂ ತುಕ್ಕು ಹಿಡಿಯುತ್ತಿವೆ. ಕಾಂಕ್ರೀಟ್ ಬಂಕರುಗಳ ಸುತ್ತ ಸಂಸಾರಗಳು ಬಟ್ಟೆ ಒಣಹಾಕುತ್ತವೆ.

ಹೊರಗಿನಿಂದ ಬರುವವರಿಂದ ದ್ವೀಪಕ್ಕೆ ಆಗುವುದೆಲ್ಲ ಒಳ್ಳೆಯದೇ ಎನ್ನಲಾಗದು. ಕೋವಿಡ್ ಕಾಲದಲ್ಲಿ ಕಿರಿಬಾಸ್ ಗಡಿ ಮುಚ್ಚಿಕೊಂಡು, ಊರೊಳಗೆ ಸೋಂಕು ಹಬ್ಬದಂತೆ ಸುಮಾರು ಎರಡು ವರ್ಷ ಉಳಿದಿತ್ತು. 2022ರ ಜನವರಿಯಲ್ಲಿ ಮಾರ್ಮನ್ ಚರ್ಚು ಬಾಡಿಗೆಗೆ ಗೊತ್ತುಮಾಡಿದ ವಿಮಾನ ಫಿಜಿಯಿಂದ 54 ಜನರನ್ನು ಕರೆತಂದಿತು. ಹೊರದೇಶಗಳಲ್ಲಿ ಮಿಷನ್ ಮುಗಿಸಿ, ಮನೆಗೆ ಬರಲಾಗದೆ ಸಿಕ್ಕಿಹಾಕಿಕೊಂಡಿದ್ದ ಕಿರಿಬಾಸ್‌ನವರೇ ಅದರಲ್ಲಿ ಹೆಚ್ಚು. ಹೊರಡುವ ಮುಂಚೆ ಪರೀಕ್ಷೆ, ಪ್ರತ್ಯೇಕವಾಸ ಎಲ್ಲವೂ ಆಗಿತ್ತು. ಆದರೂ ಇಳಿದ ಮೇಲೆ 36 ಮಂದಿಗೆ ಸೋಂಕು ಪತ್ತೆಯಾಯಿತು, ಕೆಲವೇ ದಿನಗಳಲ್ಲಿ ಊರಿಗೂ ಹರಡಿತು. ಅದು ಯಾರದೇ ದುರುದ್ದೇಶವಲ್ಲ. ಮಕ್ಕಳನ್ನು ಮನೆಗೆ ಸೇರಿಸಬೇಕೆಂಬ ಒತ್ತಡ ಮತ್ತು ಒಂದೇ ರಸ್ತೆಯ ಊರು, ಇವೆರಡು ಸೇರಿದರೆ ಸಾಕು.

ಸೋಮವಾರ ಮಿಷನರಿಗಳಿಗೆ ಬಟ್ಟೆ ಒಗೆಯುವ, ಸಾಮಾನು ತರುವ ದಿನ. ಬೆಳಿಗ್ಗೆ ಏಳಕ್ಕೆ ಫೋನ್ ಹಚ್ಚಿದರೆ ಯೂಟಾದಲ್ಲಿ ಇನ್ನೂ ಭಾನುವಾರ ಮಧ್ಯಾಹ್ನ. ಮೊಮ್ಮಕ್ಕಳೆಲ್ಲ ಒಟ್ಟಿಗೆ ಸಿಗುತ್ತಾರೆ, ಸಿಗ್ನಲ್ ಸಿಕ್ಕರೆ. ಆಮೇಲೆ ಕಾರು ರಸ್ತೆಗಿಳಿಯುತ್ತದೆ. ಅಮೆರಿಕದಲ್ಲಿ ಬಲಬದಿಗೆ ಓಡಿಸಿದವರು ಇಲ್ಲಿ ನಮ್ಮಂತೆ ಎಡಬದಿಗೆ ಓಡಿಸಬೇಕು, ಜೊತೆಗೆ ನಾಯಿ, ಹಂದಿ, ಜೋರು ಹಾಡು ಹಾಕಿಕೊಂಡ ಮಿನಿಬಸ್ಸು. ರಸ್ತೆ ಬದಿಯಲ್ಲಿ ಹೆಂಗಸರು ಐಸ್ ಪೆಟ್ಟಿಗೆಯ ಮುಂದೆ ಕುಳಿತು ಟ್ಯೂನಾ ಮಾರುತ್ತಾರೆ, ನೊಣ ಓಡಿಸುತ್ತ. ಮೀನಿಗೆ ಬರವಿಲ್ಲ. ಹಲಸಿನ ಜಾತಿಯ ಜೀಗುಜ್ಜೆಯೂ ತೆಂಗೂ ಊರಿನದೇ. ಅಕ್ಕಿ, ಹಿಟ್ಟು, ಈರುಳ್ಳಿ, ಮೊಟ್ಟೆಗೆ ಮಾತ್ರ ಹಡಗು ಕಾಯಬೇಕು. ಬೇಸೊದಲ್ಲಿ ಹಡಗು ಬಂತೆಂದು ಸುದ್ದಿಯಾದರೆ ಕಚೇರಿಯ ಲೆಕ್ಕಪತ್ರ ಅಲ್ಲಿಗೇ ನಿಲ್ಲುತ್ತದೆ. ಎಲೆಕೋಸು ಬಂದಿದ್ದರೆ ಎರಡು ಹೆಚ್ಚು ಕೊಳ್ಳುವುದು ಜಾಣತನ. ಒಂದನ್ನು ಪಕ್ಕದ ಮನೆಯವರು ಕೇಳಿಯೇ ಕೇಳುತ್ತಾರೆ.