ಹೊಳೆಗೆ ಹೋದ ಚೀಟಿಗಳು

ರಾಯಬಾಗ ತಾಲೂಕಿನ ಕೃಷ್ಣಾತೀರದ ಹಳ್ಳಿಯೊಂದರಲ್ಲಿ, ನಮ್ಮ ಮನೆಯ ಗೂಟಕ್ಕೆ ಬಹುಕಾಲ ಒಂದು ಅರಿವೆಯ ಚೀಲ ತೂಗುತ್ತಿದ್ದಿತು. ಅದರಲ್ಲಿದ್ದುದು ಹಣವಲ್ಲ, ಒಡವೆಯಲ್ಲ. ನಮ್ಮ ಅವ್ವನ ದವಾಖಾನೆಯ ಚೀಟಿಗಳು. ಹನ್ನೊಂದು ವರ್ಷಗಳ ಸಕ್ಕರೆ ಬೇನೆ, ಅದರ ಬೆನ್ನಿಗೇ ಬಂದ ರಕ್ತದೊತ್ತಡ, ಇವೆರಡರ ಇತಿಹಾಸವೆಲ್ಲ ಆ ಚೀಲದಲ್ಲಿ ಮಡಿಕೆ ಮಡಿಕೆಯಾಗಿ ಕುಳಿತಿದ್ದಿತು. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಾಗ ಜನ ಮಕ್ಕಳನ್ನು ಹೊರಗೆ ತಂದರು, ದನಗಳನ್ನು ಬಿಚ್ಚಿ ತಂದರು. ಚೀಲವನ್ನು ತರುವ ನೆನಪು ಮಾತ್ರ ಯಾರಿಗೂ ಆಗಲಿಲ್ಲ.

ಪರಿಹಾರ ಕೇಂದ್ರದಲ್ಲಿ ತರುಣ ವೈದ್ಯರೊಬ್ಬರು, "ಯಾವ ಗುಳಿಗಿ ತಗೋತೀರಿ, ಆಯಿ?" ಎಂದು ಕೇಳಿದರು. "ಮುಂಜಾನೆ ಒಂದು ಸಣ್ಣ ಬಿಳೀದು, ರಾತ್ರಿ ಒಂದು ದೊಡ್ಡ ಬಿಳೀದ್ರೀ ಸಾಹೇಬ್ರ," ಎಂದಳು ಅವ್ವ. ವೈದ್ಯರು ನಕ್ಕರು, ಆ ನಗೆಯಲ್ಲಿ ಅಸಹಾಯಕತೆಯಿದ್ದಿತು. ಸಾಲಿನಲ್ಲಿ ನಿಂತಿದ್ದ ವೃದ್ಧರಲ್ಲಿ ಬಹುಜನರ ಗುಳಿಗೆಯೂ ಬಿಳಿಯದೇ ಆಗಿದ್ದಿತು. ಮಗನಾದ ನಾನಾದರೂ ಹೆಸರು ಹೇಳಬಹುದಾಗಿತ್ತಲ್ಲವೆ? ಪಂಪ ರನ್ನರ ಪದ್ಯಗಳನ್ನು ಪುಸ್ತಕವಿಲ್ಲದೆ ಒಪ್ಪಿಸುವ ಕನ್ನಡ ಅಧ್ಯಾಪಕನಿಗೆ ಹೆತ್ತ ತಾಯಿಯ ಎರಡು ಗುಳಿಗೆಗಳ ಹೆಸರು ಬಾರದು! ಚಿಕಿತ್ಸೆ ಮತ್ತೆ ಮೊದಲಿನಿಂದ ಆರಂಭವಾಯಿತು. ಸಕ್ಕರೆ ಹತೋಟಿಗೆ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಕಾಲ್ಬೆರಳಿನ ಹುಣ್ಣೊಂದು ಮಾಯದೆ ಉಳಿದು, ಕಡೆಗೆ ಆ ಬೆರಳನ್ನೇ ತೆಗೆಯಬೇಕಾಯಿತು.

ಜ್ವರವು ನಾಲ್ಕು ದಿನವಿದ್ದು ಹೋಗುವ ಅತಿಥಿ. ಮಧುಮೇಹ ರಕ್ತದೊತ್ತಡಗಳಾದರೋ ಬಂದು ಮನೆಯಲ್ಲಿಯೇ ನೆಲಸುವಂಥವು. ಅತಿಥಿಗೆ ಔಷಧ ಸಾಕು. ನೆಲಸಿದ ಬೇನೆಗೆ ಔಷಧದೊಡನೆ ನೆನಪೂ ಬೇಕು. ಹೋದ ತಿಂಗಳು ಒತ್ತಡ ಎಷ್ಟಿದ್ದಿತು, ಯಾವ ಔಷಧ ಒಗ್ಗಲಿಲ್ಲ, ಕಣ್ಣನ್ನೂ ಪಾದವನ್ನೂ ಪರೀಕ್ಷಿಸಿ ಎಷ್ಟು ದಿನವಾಯಿತು ಎಂಬುದನ್ನು ಯಾರಾದರೂ ನೆನಪಿಟ್ಟಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆಂದೂ, ವಯಸ್ಕರಲ್ಲಿ ನೂರಕ್ಕೆ 35 ಜನರಿಗೆ ಅಧಿಕ ರಕ್ತದೊತ್ತಡವಿದೆಯೆಂದೂ ಅಂದಾಜು ಮಾಡಿತು. ಇಷ್ಟೊಂದು ಜನರ ನೆನಪು ಅರಿವೆಯ ಚೀಲಗಳಲ್ಲಿ ಉಳಿಯಬಲ್ಲುದೆ?

ನಮ್ಮ ಗಡಿಭಾಗದಲ್ಲಿ ಈ ನೆನಪು ಇನ್ನಷ್ಟು ಚದುರಿಹೋಗುತ್ತದೆ. ವೈದ್ಯ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದ ಮೇಲೆ ಆ ಊರು ಸುತ್ತಲಿನ ಸೀಮೆಗೆಲ್ಲ ದವಾಖಾನೆಯ ಊರೇ ಆಯಿತು. ಕುಡಚಿ, ಉಗಾರ, ಶೇಡಬಾಳಗಳ ನಿಲ್ದಾಣಗಳಲ್ಲಿ ಬುತ್ತಿ ಕಟ್ಟಿಕೊಂಡು ಗಾಡಿ ಹತ್ತುವ ರೋಗಿಗಳನ್ನು ಇಂದಿಗೂ ಕಾಣಬಹುದು. ಅಥಣಿ ಕಾಗವಾಡಗಳವರು ಮಿರಜಕ್ಕೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿಯವರು ಬೆಳಗಾವಿಗೆ ಹೋಗುವರು. ತಂಬಾಕಿನ ಧೂಳಿನಲ್ಲಿ ಬದುಕು ಸವೆಸಿದ ಬೀಡಿ ಕೆಲಸದ ಹೆಣ್ಣುಮಗಳೊಬ್ಬಳ ಕೈಯಲ್ಲಿ ಒಂದು ಚೀಟಿ ಮರಾಠಿಯಲ್ಲಿ, ಒಂದು ಕನ್ನಡದಲ್ಲಿ, ಮೂರನೆಯದು ವೈದ್ಯರ ಇಂಗ್ಲಿಷಿನಲ್ಲಿ. ಆಕೆಯ ಬೇನೆ ಮಾತ್ರ ಒಂದೇ.

ಈ ಕೊರತೆಯನ್ನು ತುಂಬಲು ಇಂದಿನ ಡಿಜಿಟಲ್ ವಿದ್ಯೆ ಮುಂದೆ ಬಂದಿದೆ. 2021ರ ಸೆಪ್ಟೆಂಬರ್ 27ರಂದು ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಗಳ 'ಆಭಾ' ಸಂಖ್ಯೆಯನ್ನು ಕೊಡುತ್ತದೆ. ಆಸ್ಪತ್ರೆಗಳು ಈ ಜಾಲಕ್ಕೆ ಸೇರಿದ್ದರೆ, ರೋಗಿಯ ಒಪ್ಪಿಗೆ ಪಡೆದು ಬೆಳಗಾವಿಯ ಚೀಟಿಯನ್ನು ಮಿರಜದಲ್ಲಿ ನೋಡಬಹುದು. 2019ರಲ್ಲಿ ಮೊದಲಾದ ಇ-ಸಂಜೀವನಿಯಿಂದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕುಳಿತೇ ದೂರದ ವೈದ್ಯರ ಸಲಹೆ ಪಡೆಯಬಹುದು. 2017ರಲ್ಲಿ ಆರಂಭವಾದ ರಾಷ್ಟ್ರೀಯ ರಕ್ತದೊತ್ತಡ ನಿಯಂತ್ರಣ ಉಪಕ್ರಮದಲ್ಲಿ ಬಳಸಲಾದ 'ಸಿಂಪಲ್' ಎಂಬ ಆ್ಯಪ್‌ನ ಗುಣವೊಂದು ನನಗೆ ವಿಶೇಷವಾಗಿ ಮೆಚ್ಚುಗೆಯಾಯಿತು. ಬಂದವರ ಒತ್ತಡವನ್ನು ದಾಖಲಿಸುವುದರೊಡನೆ, ಬರಬೇಕಾದ ದಿನ ಬಾರದವರ ಪಟ್ಟಿಯನ್ನೂ ಅದು ದಾದಿಯ ಮುಂದಿಡುತ್ತದೆ. ಹಾಜರಿ ಪುಸ್ತಕದ ಬೆಲೆ ಅಧ್ಯಾಪಕನಿಗೆ ಗೊತ್ತು: ಬಂದವರು ಹೇಗೂ ಕಣ್ಣೆದುರಿಗಿರುತ್ತಾರೆ, ವಿಚಾರಿಸಬೇಕಾದುದು ಬಾರದವರನ್ನು.

ಆದರೆ ಪಟ್ಟಿ ತಾನಾಗಿ ಯಾರ ಮನೆಗೂ ಹೋಗಲಾರದು. ಈ ಮಾತಿಗೆ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿಯೇ ಒಂದು ನಿದರ್ಶನವುಂಟು. 2014ರಿಂದ 2016ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಪಾಲ್ಗೊಂಡ 'ಕ್ಲಿಪ್' ಎಂಬ ಪ್ರಯೋಗದಲ್ಲಿ, ಆಶಾ ಕಾರ್ಯಕರ್ತೆಯರೂ ದಾದಿಯರೂ ಗರ್ಭಿಣಿಯರ ಮನೆಗಳಿಗೆ ಹೋಗಿ, ಮೊಬೈಲಿನ ಆ್ಯಪ್‌ನ ನೆರವಿನಿಂದ ರಕ್ತದೊತ್ತಡವನ್ನು ಪರೀಕ್ಷಿಸಿದರು. ಅದು ದೀರ್ಘಕಾಲದ ಬೇನೆಯ ಪ್ರಯೋಗವಲ್ಲ, ನಿಜ. ಅದರ ಪಾಠ ಮಾತ್ರ ಇಲ್ಲಿಗೂ ಸಲ್ಲುತ್ತದೆ. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲಿಯೂ ನಡೆದ ಈ ಪ್ರಯೋಗದ ಒಟ್ಟು ಫಲಿತಾಂಶ 2020ರಲ್ಲಿ ಪ್ರಕಟವಾದಾಗ, ಒಟ್ಟಾರೆ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ. ಒಳಿತಿನ ಸೂಚನೆ ಕಂಡುದು ಎಂಟು ಅಥವಾ ಹೆಚ್ಚು ಬಾರಿ ಭೇಟಿ ಪಡೆದ ತಾಯಂದಿರಲ್ಲಿ. ಯಂತ್ರವೆಲ್ಲ ಕಡೆಯೂ ಅದೇ. ಬಾಗಿಲು ತಟ್ಟಿದ ಸಲಗಳು ಬೇರೆ. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯ ಸರಕಾರದ 'ಗೃಹ ಆರೋಗ್ಯ' ಯೋಜನೆ ಮನೆಬಾಗಿಲಿಗೇ ಪರೀಕ್ಷೆಯನ್ನು ತರಲು ಹೊರಟಿರುವುದು ಈ ದೃಷ್ಟಿಯಿಂದ ಯೋಗ್ಯವಾದುದು.

ಇನ್ನೊಂದು ಮಾತನ್ನು ಭಾಷೆಯ ಅಧ್ಯಾಪಕನಾಗಿ ಹೇಳಲೇಬೇಕು. ಅವ್ವನ ಮೊಬೈಲಿಗೆ ಒಮ್ಮೆ ಇಂಗ್ಲಿಷಿನಲ್ಲಿ ಸಂದೇಶ ಬಂದಿತು. ಯಾವುದೋ ಜಾಹೀರಾತೆಂದು ಆಕೆ ಬಿಟ್ಟುಬಿಟ್ಟಳು. ಪರೀಕ್ಷೆಯ ದಿನ ತಪ್ಪಿಹೋಯಿತು. ಒಪ್ಪಿಗೆ ಕೇಳುವ ಪ್ರಶ್ನೆಯೂ ಹಾಗೆಯೇ ತಿಳಿಯದ ನುಡಿಯಲ್ಲಿ ಬಂದರೆ, 'ಹೂಂ' ಎಂದುದು ಒಪ್ಪಿಗೆಯಾದೀತೆ? ನೆನಪನ್ನು ಎಲ್ಲಿ ಬೇಕಾದರೂ ಕಾದಿಡಲಿ; ಆಡುವಾಗ ಮಾತ್ರ ಅದು ರೋಗಿಯ ಮಾತಿನಲ್ಲಿ, ಕನ್ನಡದವರೊಡನೆ ಕನ್ನಡದಲ್ಲಿ, ಮರಾಠಿಯವರೊಡನೆ ಮರಾಠಿಯಲ್ಲಿ, ಆಡಬೇಕು.

ಈಗ ಅವ್ವನಿಗೂ 14 ಅಂಕಿಗಳ ಸಂಖ್ಯೆಯಿದೆ. "ಹೊಳಿ ಬಂದ್ರ ಇದೂ ಹೋಗತೈತೇನಪಾ?" ಎಂದು ಕೇಳಿದಳು. "ಇಲ್ಲವ್ವಾ," ಎಂದೆ. ಆದರೂ ಆಕೆ ಆ ಕಾರ್ಡನ್ನು ಹೊಸ ಚೀಲದಲ್ಲಿಟ್ಟು ಅದೇ ಗೂಟಕ್ಕೆ ತೂಗುಹಾಕಿದ್ದಾಳೆ. ನಾನು ಅದನ್ನು ತೆಗೆಸಲು ಹೋಗಲಿಲ್ಲ.

ಹೋದ ತಿಂಗಳು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ, ಮನೆಯ ಹಿರಿಯರು ನಿತ್ಯ ಸೇವಿಸುವ ಗುಳಿಗೆಗಳ ಹೆಸರನ್ನು ಕನ್ನಡದಲ್ಲಿ ಬರೆದು ತರಲು ಹೇಳಿದೆ. ಮೊದಲ ದಿನ ತಂದವರು ಕೆಲವರೇ. ವಾರ ಕಳೆಯುವಷ್ಟರಲ್ಲಿ ಬಹುಮಂದಿ ತಂದರು. ನಾನೂ ಹಲಗೆಯ ಮೇಲೆ ನನ್ನ ಪಾಠವನ್ನು ಒಪ್ಪಿಸಿದೆ: ಸಣ್ಣ ಬಿಳಿಯದು ಆಮ್ಲೊಡಿಪಿನ್, ದೊಡ್ಡ ಬಿಳಿಯದು ಮೆಟ್‌ಫಾರ್ಮಿನ್.